ಅದು ಬರೀ ಪೊಡಿಯಲ್ಲ ಸ್ವಾಮಿ

"ಕುರಚ್ಚ್ ಪೊಡಿ ಇಡಣಂ, ಅತ್ರೇಯುಳ್ಳೂ."

ಸ್ವಲ್ಪ ಪುಡಿ ಹಾಕಬೇಕು, ಅಷ್ಟೇ. ಹೋದ ವರ್ಷ ಕರ್ಕಾಟಕ ಮಾಸದ ಮಳೆ ಕೊಚ್ಚಿಯ ರಸ್ತೆಗಳನ್ನೆಲ್ಲ ತೋಡು ಮಾಡಿ ಹರಿಯುತ್ತಿದ್ದ ಒಂದು ಸಂಜೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅಂಗಾತ ಮಲಗಿದ್ದ ನನಗೆ ಹೇಳಿದ ಮಾತು ಇದು. ಬಾಯಿ ತುಂಬ ಹತ್ತಿ, ಅರ್ಧ ಮುಖ ಮರಗಟ್ಟಿದೆ, ತುಟಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಆ ಸ್ಥಿತಿಯಲ್ಲಿ ಯಾವ ಪುಡಿ, ಎಲ್ಲಿಯ ಪುಡಿ ಅಂತ ಕೇಳುವುದು ಹೇಗೆ? "ಆಂ... ಆಂ" ಅಂದೆ. ಅದನ್ನೇ ಒಪ್ಪಿಗೆ ಅಂತ ಬರೆದುಕೊಂಡರು.

ನಾನು ಈ ಊರಿಗೆ ಬಂದು 28 ವರ್ಷ ಆಯ್ತು. ಆದರೂ ಪೊಡಿ ಅಂದರೆ ಇವತ್ತಿಗೂ ಮೊದಲು ನೆನಪಾಗುವುದು ಅಮ್ಮನ ಚಟ್ನಿಪುಡಿ, ಆಮೇಲೆ ಇಲ್ಲಿಯ ಚಾಯಪ್ಪೊಡಿ. ಹಾಗಾಗಿ ದವಡೆಗೆ ಹಾಕಿದ್ದೂ ಅಂಥದ್ದೇ ಏನೋ ಔಷಧಿ ಇರಬೇಕು ಅಂದುಕೊಂಡು ಸುಮ್ಮನಾದೆ. ಗೊತ್ತಾಗಿದ್ದು ಬಿಲ್ಲು ಕೈಗೆ ಬಂದಾಗ. "ಬಿ.ಜಿ. 0.5 ಸಿಸಿ" ಎಂದು ಒಂದು ಸಾಲು, ಅದರ ಎದುರಿಗೆ ಕಣ್ಣು ಕುಕ್ಕುವಂಥ ಮೊತ್ತ. ಬೆಂಗಳೂರು–ಗುಲ್ಬರ್ಗಾ ಬಸ್ಸಿನ ಬೋರ್ಡು ನೋಡಿದ ಹಾಗಾಯಿತು. ಕೌಂಟರಿನ ಹುಡುಗಿಯನ್ನು ಕೇಳಿದರೆ, "ಬೋನ್ ಗ್ರಾಫ್ಟ್ ಚೇಟ್ಟಾ" ಅಂದಳು.

"ಯಾರ ಬೋನು?"

ಅವಳು ನಕ್ಕಳು. ನಾನು ನಗಲಿಲ್ಲ (ನಗುವ ಹಾಗೂ ಇರಲಿಲ್ಲ, ಹೊಲಿಗೆ ಇತ್ತು). ಒಳಗಿನಿಂದ ಡಾಕ್ಟರೇ ಬಂದು ಭುಜ ತಟ್ಟಿ, "ಇಂಪೋರ್ಟೆಡ್ ಸಾರ್, ಟೆನ್ಷನ್ ಬೇಡ" ಅಂದರು. ಯಾರದು ಅಂತ ಕೇಳಿದರೆ ಇಂಪೋರ್ಟೆಡ್ ಅನ್ನುವುದು ಉತ್ತರವೇ? ಅದೇನು ಪರ್ಫ್ಯೂಮ್ ಬಾಟಲಿಯೇ?

ಮೂರನೆಯ ಸಲ ಹೋಗಿ ಕೇಳಿದ ಮೇಲೆ ಫೈಲಿನಿಂದ ಒಂದು ಸ್ಟಿಕರ್ ಹೊರಬಂತು. ಅಲೋಗ್ರಾಫ್ಟ್. ಅಂದರೆ ಇನ್ನೊಬ್ಬ ಮನುಷ್ಯನ ಮೂಳೆ. ಆ ಮನುಷ್ಯ ಸತ್ತ ಮೇಲೆ ದಾನ ಮಾಡಿದ್ದು. ಅದು ನನ್ನ ಕೆಳದವಡೆಯ ಎಡಗಡೆ ಆರು ವಾರದಿಂದ ಕೂತಿತ್ತು, ಮನೆಯ ಯಜಮಾನನಿಗೆ ಹೇಳದೆ ಬಂದ ಬಾಡಿಗೆದಾರನ ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡ್ತೇನೆ, ಇಲ್ಲವಾದರೆ ಅರ್ಧ ಓದಿ ಇದನ್ನು "ಹಲ್ಲಿನ ಡಾಕ್ಟರು ಹೆಣದ ಎಲುಬು ಹಾಕ್ತಾರೆ, ಎಚ್ಚರ!" ಅಂತ ವಾಟ್ಸಾಪಿನಲ್ಲಿ ಹಂಚುವವರು ಇದ್ದಾರೆ. ನನ್ನ ಜಗಳ ಆ ಎಲುಬಿನ ಜೊತೆ ಅಲ್ಲ. ಎಲುಬು ತನ್ನ ಕೆಲಸ ಪ್ರಾಮಾಣಿಕವಾಗಿ ಮಾಡಿದೆ. ಪ್ರಾಮಾಣಿಕವಾಗಿ ನಡೆದುಕೊಳ್ಳದೇ ಇದ್ದವರು ಬೇರೆ.

ನೆನಪಿದೆಯಾ, 2015ರ ಜುಲೈ? ತಿರುವನಂತಪುರದಲ್ಲಿ ಮಿದುಳು ನಿಷ್ಕ್ರಿಯವಾದ ಒಬ್ಬರ ಹೃದಯವನ್ನು ನೌಕಾಪಡೆಯ ಡಾರ್ನಿಯರ್ ವಿಮಾನದಲ್ಲಿ ಕೊಚ್ಚಿಗೆ ತಂದರು. ವಿಮಾನ ಇಳಿದಲ್ಲಿಂದ ಆಸ್ಪತ್ರೆಯವರೆಗೆ ಪೊಲೀಸರು ರಸ್ತೆ ಬಿಡಿಸಿದರು. ನಾವೆಲ್ಲ ಟಿ.ವಿ. ಮುಂದೆ ಕೂತು, ಆಂಬುಲೆನ್ಸಿನ ಜೊತೆ ಉಸಿರು ಬಿಗಿಹಿಡಿದು ಓಡಿದೆವು. ಅದಕ್ಕೂ ಮೊದಲು, 2011ರಲ್ಲೇ, ಇಲ್ಲಿ 'ಟ್ರಾಫಿಕ್' ಸಿನಿಮಾ ಬಂದಿತ್ತು. ಅದನ್ನೇ ನಮ್ಮ ರವಿಚಂದ್ರನ್ 2014ರಲ್ಲಿ 'ಕ್ರೇಜಿ ಸ್ಟಾರ್' ಮಾಡಿದರು. 2012ರಿಂದ ಕೇರಳ ಸರ್ಕಾರದ 'ಮೃತಸಂಜೀವನಿ' ಯೋಜನೆ ಇದೆ. ಹೃದಯ ಕೊಟ್ಟವರ ಹೆಸರು ಪೇಪರಿನಲ್ಲಿ ಬರುತ್ತದೆ, ಮನೆಗೆ ಮಂತ್ರಿಗಳು ಹೋಗುತ್ತಾರೆ, ಸಭೆಯಲ್ಲಿ ಕುಟುಂಬದವರಿಗೆ ಶಾಲು ಹೊದಿಸುತ್ತಾರೆ. ಸರಿಯೇ, ಹೊದಿಸಲಿ. ಆದರೆ ಅಂಥದ್ದೇ ಒಬ್ಬ ಮನುಷ್ಯ ಕೊಟ್ಟ ಮೂಳೆ ಅರ್ಧ ಸಿಸಿ ಬಾಟಲಿಯಲ್ಲಿ ಬಂದಾಗ ಅದರ ಹೆಸರು "ಪೊಡಿ". ಹೃದಯಕ್ಕೆ ರಸ್ತೆ ಬಿಡಿಸುವ ಊರಿನಲ್ಲಿ ಎಲುಬಿಗೆ ಒಂದು ವಾಕ್ಯದ ಮರ್ಯಾದೆಯೂ ಇಲ್ಲವೇ?

ಈಗ ಆ ಪುಡಿ ದವಡೆಯೊಳಗೆ ಮಾಡುವ ಕೆಲಸ ಏನು ಅಂತ ನೋಡೋಣ. ಮೂರು ತಿಂಗಳು ಕಂಡಕಂಡದ್ದನ್ನು ಓದಿ, ಗೊತ್ತಿದ್ದ ಇಬ್ಬರು ದಂತವೈದ್ಯರ ತಲೆ ತಿಂದು ತಿಳಿದುಕೊಂಡದ್ದು.

ಹಲ್ಲು ಕಿತ್ತರೆ ಅದರ ಸುತ್ತಲಿನ ಮೂಳೆ ತನಗಿನ್ನು ಕೆಲಸವಿಲ್ಲ ಅಂತ ಕರಗತೊಡಗುತ್ತದೆ. ಡೆನ್ಮಾರ್ಕಿನಲ್ಲಿ ಅಳೆದು ನೋಡಿ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದೇ ವರ್ಷದಲ್ಲಿ ದವಡೆಯ ಏಣಿನ ಅಗಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದರಲ್ಲೂ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ. ನಾನು ಹಲ್ಲು ಕೀಳಿಸಿ ಆರು ವರ್ಷ ಆರಾಮವಾಗಿ ಒಂದೇ ಕಡೆ ಜಗಿಯುತ್ತಾ ಕೂತಿದ್ದವನು. ಗೋಡೆ ಸವೆದು ಪಾಗಾರದ ಮೇಲಿನ ಅಂಚಿನಷ್ಟಾಗಿತ್ತು. ಅಷ್ಟು ತೆಳುವಾದ ಗೋಡೆಗೆ ಟೈಟಾನಿಯಂ ಸ್ಕ್ರೂ ಹೊಡೆದರೆ ನಿಲ್ಲುವುದಿಲ್ಲ.

ಟೈಟಾನಿಯಂ ಮೂಳೆಗೆ ಅಂಟಿಕೊಳ್ಳುತ್ತದೆ ಅನ್ನುವುದೇ ಒಂದು ಚಂದದ ಕಥೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲಿಕ್ಕೆ ಟೈಟಾನಿಯಂ ಕೊಳವೆ ಕೂರಿಸಿದ್ದ. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಅಂತ ಅಪ್ಪಿಕೊಂಡುಬಿಟ್ಟಿತ್ತು. 1965ರಲ್ಲಿ ಮೊದಲ ರೋಗಿಯ ದವಡೆಗೆ ಹಾಕಿದರು. ಈ ಅಪ್ಪುಗೆ ಆಗಬೇಕಾದರೆ ಜೀವಂತ ಮೂಳೆ ಬೇಕು. ಇದು ನೆನಪಿರಲಿ, ಮುಂದಿನ ಮಾತಿಗೆ ಇದೇ ಆಧಾರ.

ದಾನಿಯ ಮೂಳೆ ಜೀವಂತ ಅಲ್ಲ. ಅದರ ಕೊಬ್ಬು, ರಕ್ತ, ಜೀವಕೋಶ ಎಲ್ಲ ತೊಳೆದು, ಶೈತ್ಯದಲ್ಲಿ ಒಣಗಿಸಿ, ಪುಡಿ ಮಾಡಿ, ಬಹಳ ಕಡೆ ಗಾಮಾ ಕಿರಣ ಹಾಯಿಸಿ ಬಾಟಲಿಗೆ ತುಂಬಿರುತ್ತಾರೆ. ಅದಕ್ಕೇ ಕಿಡ್ನಿಯ ಹಾಗೆ ಬ್ಲಡ್ ಗ್ರೂಪ್ ಹೊಂದಿಸಬೇಕಿಲ್ಲ, ಜೀವನಪೂರ್ತಿ ಮಾತ್ರೆ ನುಂಗಬೇಕಿಲ್ಲ. ಹಾಗಾಗಿ ಸ್ಕ್ರೂ ಅಪ್ಪಿಕೊಳ್ಳುವುದು ಆ ಪುಡಿಯನ್ನಲ್ಲ. ಪುಡಿ ಬರೀ ಸಾರ್ವೆ. ಮನೆ ಕಟ್ಟುವಾಗ ಗಳ ಕಟ್ಟುತ್ತಾರಲ್ಲ, ಹಾಗೆ. ನಿಮ್ಮದೇ ರಕ್ತನಾಳ ಅದರೊಳಗೆ ನುಗ್ಗಿ, ನಿಮ್ಮದೇ ಕೋಶಗಳು ಹಳೇ ಚೂರನ್ನು ತಿನ್ನುತ್ತಾ ಹೊಸ ಮೂಳೆ ಕಟ್ಟುತ್ತಾ ಹೋಗಬೇಕು. ಅದಕ್ಕೇ ನಾಲ್ಕಾರು ತಿಂಗಳು ಕಾಯಿಸುವುದು. ಆಮೇಲೆ ಸ್ಕ್ರೂ ಕೂರುವುದು ನೀವೇ ಕಟ್ಟಿದ ಗೋಡೆಯಲ್ಲಿ, ಅಲ್ಲಲ್ಲಿ ಉಳಿದ ದಾನಿಯ ಚೂರುಗಳ ನಡುವೆ.

ಹೀಗೆ ಕಟ್ಟಿದ ಗೋಡೆಯಲ್ಲಿ ಸ್ಕ್ರೂ ಗಟ್ಟಿಯಾಗಿ ನಿಲ್ಲುತ್ತದೆಯೇ? ನಿಲ್ಲುತ್ತದೆ. ನನ್ನದರಂಥ ಸಣ್ಣಪುಟ್ಟ ದುರಸ್ತಿಗಳಲ್ಲಿ, ಮೊದಲಿಂದ ಮೂಳೆ ಇದ್ದ ಜಾಗಕ್ಕೂ ದಾನಿ ಮೂಳೆಯಿಂದ ಕಟ್ಟಿದ ಜಾಗಕ್ಕೂ ಇಂಪ್ಲಾಂಟ್ ಉಳಿಯುವ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತಲೇ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಬೀಡಿ ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹುಳುಕು ವಸಡು, ಇವು ಕೆಡಿಸುವಷ್ಟು ದಾನಿಯ ಮೂಳೆ ಕೆಡಿಸುವುದಿಲ್ಲ. ಬೆಳಿಗ್ಗೆ ಪುಟ್ಟು ಪಳಂ, ಸಂಜೆ ಪಳಂಪೊರಿ ತಿಂದು ಶುಗರ್ ಏರಿಸಿಕೊಂಡು ಕೂತ ನಾವು (ನಾನೂ ಸೇರಿ) ಎಲುಬಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಆದರೆ ಒಂದು ಸೂಕ್ಷ್ಮ ಇದೆ. "ಎಲ್ಲ ಪೊಡಿಯೂ ಒಂದೇ ಸಾರ್" ಅನ್ನುವವರು ಇದನ್ನು ಮುಚ್ಚಿಡುತ್ತಾರೆ. ದಾನಿ ಮೂಳೆಯಲ್ಲೇ ಎರಡು ಬಗೆ: ಖನಿಜ ಉಳಿಸಿಕೊಂಡದ್ದು ಒಂದು, ಆಮ್ಲದಲ್ಲಿ ಖನಿಜ ತೆಗೆದದ್ದು ಇನ್ನೊಂದು. ಖನಿಜ ತೆಗೆದರೆ ಒಳಗಿನ ಪ್ರೋಟೀನು ಹೊರಬಿದ್ದು ಮೂಳೆ ಬೆಳೆಸುವ ಸೂಚನೆ ಕೊಡುತ್ತದೆ. ಇದನ್ನು ಮಾರ್ಷಲ್ ಯೂರಿಸ್ಟ್ 1965ರಲ್ಲೇ ತೋರಿಸಿದ್ದ. ಖನಿಜ ಇದ್ದರೆ ಆಕಾರ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಹೊಸ ಮೂಳೆ ನಿಧಾನ. 2012ರಲ್ಲಿ ಅಮೆರಿಕದ ವುಡ್ ಮತ್ತು ಮೀಲಿ ಇಬ್ಬರೂ ಹಲ್ಲು ಕಿತ್ತ ಗುಳಿಗಳಿಗೆ ಎರಡನ್ನೂ ಹಾಕಿ, ಸುಮಾರು ಐದು ತಿಂಗಳಾದ ಮೇಲೆ ಚೂರು ತೆಗೆದು ನೋಡಿದರು. ಖನಿಜ ತೆಗೆದದ್ದರಲ್ಲಿ ಜೀವಂತ ಮೂಳೆ ನೂರಕ್ಕೆ 38ರಷ್ಟು, ಇನ್ನೊಂದರಲ್ಲಿ 25ರಷ್ಟು. ಅದಕ್ಕೂ ಮೊದಲು, 1996ರಲ್ಲಿ, ಶ್ವಾರ್ಟ್ಜ್ ಮತ್ತು ಸಂಗಡಿಗರು ಬೇರೆ ಬೇರೆ ಬ್ಯಾಂಕುಗಳ ಪುಡಿ ತಂದು ಪರೀಕ್ಷಿಸಿದಾಗ, ಕೆಲವು ಚೆನ್ನಾಗಿ ಮೂಳೆ ಹುಟ್ಟಿಸಿದವು, ಕೆಲವು ಹುಟ್ಟಿಸಲೇ ಇಲ್ಲ. ವಯಸ್ಸಾದ ದಾನಿಗಳ ಮೂಳೆಗೆ ಆ ಶಕ್ತಿ ಕಡಿಮೆ ಅಂತಲೂ ಅದೇ ಗುಂಪು ಆಮೇಲೆ ಕಂಡುಕೊಂಡಿತು. ಹೀಗಿದ್ದ ಮೇಲೆ ಯಾವ ಬಗೆ, ಯಾವ ಬ್ಯಾಂಕು, ಯಾವ ಲಾಟು ಅಂತ ಕೇಳುವುದು ತಲೆಹರಟೆ ಹೇಗಾಗುತ್ತದೆ? ಹತ್ತು ಕಿಲೋ ಮಟ್ಟ ಅಕ್ಕಿ ತರುವಾಗ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತೇವೆ ನಾವು.

"ಹೇಳಿದರೆ ಪೇಷಂಟು ಹೆದರ್ತಾರೆ ಸಾರ್." ಇದು ಇನ್ನೊಂದು ವಾದ. ಸ್ವಾಮಿ, ಹೆದರಿಸುವುದು ಗುಟ್ಟು, ಸತ್ಯ ಅಲ್ಲ. ಗುಟ್ಟು ಇದ್ದಲ್ಲಿ ಏನಾಗುತ್ತದೆ ಅಂತ ಅಮೆರಿಕದಲ್ಲಿ ನೋಡಿದ್ದಾಗಿದೆ. ಬಿಬಿಸಿಯಲ್ಲಿ 'ಅಮೆರಿಕದಿಂದ ಪತ್ರ' ಓದುತ್ತಿದ್ದ ಅಲಿಸ್ಟೇರ್ ಕುಕ್ 2004ರಲ್ಲಿ, 95ನೇ ವಯಸ್ಸಿಗೆ, ಮೂಳೆಗೂ ಹರಡಿದ ಕ್ಯಾನ್ಸರಿನಿಂದ ತೀರಿಕೊಂಡರು. ಸುಡುವ ಮೊದಲು ಅವರ ಎಲುಬು ಕದ್ದು, ಕಾಗದದಲ್ಲಿ ವಯಸ್ಸು ಇಳಿಸಿ, ಕಾಯಿಲೆಯ ಹೆಸರನ್ನೇ ಬದಲಿಸಿ ಮಾರಿದ್ದರು. ಸಾವಿರಕ್ಕೂ ಹೆಚ್ಚು ಶವಗಳಿಗೆ ಹೀಗೆ ಮಾಡಿದ ಆ ಕಂಪನಿಯ ಮಾಲೀಕ ಮೈಕೆಲ್ ಮಾಸ್ಟ್ರೊಮರೀನೊ ಯಾರು ಅಂತೀರಿ? ಒಂದು ಕಾಲದಲ್ಲಿ ಹಲ್ಲಿನ ಸರ್ಜನ್. ಇಂಪ್ಲಾಂಟ್ ಬಗ್ಗೆ ಪುಸ್ತಕ ಬರೆದವನು! 2008ರಲ್ಲಿ ಜೈಲಾಯಿತು, 2013ರಲ್ಲಿ ಸತ್ತ. ಅದಾದ ಮೇಲೂ, 2021ರಲ್ಲಿ ಜೀವಕೋಶ ಉಳಿಸಿಕೊಂಡ ಒಂದು ಬಗೆಯ ದಾನಿ ಮೂಳೆಯಿಂದ ಅಲ್ಲಿ ಕ್ಷಯ ಹರಡಿತು. ಆ ಲಾಟು ಹೋಗಿದ್ದು 113 ಜನರಿಗೆ. 2023ರಲ್ಲಿ ಮತ್ತೊಮ್ಮೆ, 36 ಜನ. ಅವರಲ್ಲಿ ಹಲ್ಲಿನ ಕ್ಲಿನಿಕ್ಕುಗಳಲ್ಲಿ ಹಾಕಿಸಿಕೊಂಡವರೂ ಇದ್ದರು. ನನಗೆ ಹಾಕಿದ್ದು ಒಣಗಿಸಿ ಕಿರಣ ಹಾಯಿಸಿದ್ದು, ಆ ಬಗೆಯದಲ್ಲ. ಆದರೆ ಇಲ್ಲಿ ನೋಡಬೇಕಾದ್ದು ಬೇರೆ: ಲಾಟ್ ನಂಬರ್ ಹಿಡಿದು ಯಾರ್ಯಾರಿಗೆ ಹೋಗಿದೆ ಅಂತ ಅವರು ಹುಡುಕಿದರು, ಕರೆದರು, ಮಾತ್ರೆ ಕೊಟ್ಟರು. ಇಲ್ಲಿ ಅಂಥದ್ದೊಂದು ಆದರೆ, "ಬಿ.ಜಿ. 0.5 ಸಿಸಿ" ಅನ್ನುವ ಬಿಲ್ಲು ಹಿಡಿದು ಯಾರನ್ನು ಹುಡುಕುತ್ತೀರಿ? ಕ್ಲಿನಿಕ್ಕು ಮುಚ್ಚಿದರೆ? ಡಾಕ್ಟರು ದುಬೈಗೆ ಹೋದರೆ?

ನಮ್ಮಲ್ಲೂ ಅಚ್ಚುಕಟ್ಟಾಗಿ ಮಾಡುವವರು ಇದ್ದಾರೆ ಅನ್ನುವುದನ್ನೂ ಹೇಳಬೇಕು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದ ಅಂಗಾಂಶ ಬ್ಯಾಂಕ್ ನಡೆಯುತ್ತಿದೆ. ಆ್ಯಸ್ಟ್ರಿಡ್ ಲೋಬೊ ಗಾಜಿವಾಲಾ ಕಟ್ಟಿ ಬೆಳೆಸಿದ್ದು. ಸೊಂಟದ ಕೀಲು ಬದಲಿಸುವಾಗ ತೆಗೆದ ತೊಡೆಮೂಳೆಯ ತಲೆಯನ್ನೂ, ಸತ್ತ ಮೇಲೆ ದಾನ ಬಂದ ಮೂಳೆಯನ್ನೂ ಪರೀಕ್ಷಿಸಿ, ಒಣಗಿಸಿ, ಗಾಮಾ ಕಿರಣ ಹಾಯಿಸಿ ದೇಶದ ದಂತವೈದ್ಯರಿಗೂ ಕೊಡುತ್ತಾರೆ. 2011ರ ತಿದ್ದುಪಡಿಯ ನಂತರ ಅಂಗಾಂಗ ಕಸಿ ಕಾಯಿದೆಯ ಹೆಸರಿನಲ್ಲೇ 'ಅಂಗಾಂಶ' ಸೇರಿತು. ದಾನದ ಪ್ರತಿಜ್ಞಾಪತ್ರದಲ್ಲಿ ಕಣ್ಣು, ಚರ್ಮ, ಹೃದಯದ ಕವಾಟಗಳ ಜೊತೆ ಮೂಳೆಗೂ ಒಂದು ಸಾಲು ಇದೆ. ಆ ಸಾಲು ತುಂಬಿದವನಿಗೆ ಅದನ್ನು ಹಾಕಿಸಿಕೊಂಡವನು ಮನಸ್ಸಿನಲ್ಲಾದರೂ ಕೈ ಮುಗಿಯಬೇಡವೇ? ಹಾಕಿಸಿಕೊಂಡದ್ದೇ ಗೊತ್ತಿಲ್ಲದಿದ್ದರೆ ಮುಗಿಯುವುದು ಯಾರಿಗೆ?

ಇನ್ನು ನಮ್ಮವರ ಸರದಿ. ಹೆಂಡತಿಯ ಅಣ್ಣ ಸಾಗರದಿಂದ ಫೋನ್ ಮಾಡಿದ್ದರು. ಮಾತಿಗೆ ಮಾತು ಬಂದು ಹೇಳಿಬಿಟ್ಟೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ, "ಅಲ್ಲ ಭಾವ, ಹೆಣದ ಎಲುಬು ಬಾಯಲ್ಲಿ ಇಟ್ಟುಕೊಂಡು ನೀವು ಸಂಧ್ಯಾವಂದನೆ ಹೇಗೆ ಮಾಡ್ತೀರಿ?" ಅಂದರು. (ಮೊದಲಾದರೂ ದಿನಾ ಮಾಡುತ್ತಿದ್ದೆ ಅಂದುಕೊಂಡಿದ್ದಾರಲ್ಲ, ಅದೇ ಸಂತೋಷ.) ನಾನು ಕೇಳಿದೆ: ಇಂದ್ರ ವೃತ್ರನನ್ನು ಕೊಂದದ್ದು ಯಾವುದರಿಂದ? ವಜ್ರಾಯುಧದಿಂದ. ವಜ್ರಾಯುಧ ಯಾವುದರದ್ದು? ದಧೀಚಿಯ ಬೆನ್ನೆಲುಬಿನದ್ದು. ದೇವತೆಗಳು ಹೋಗಿ ಕೇಳಿ, ಅವನು ಒಪ್ಪಿ ಪ್ರಾಣ ಬಿಟ್ಟು ಕೊಟ್ಟದ್ದು. ದೇವೇಂದ್ರ ಕೈಯಲ್ಲಿ ಹಿಡಿದರೆ ಪುರಾಣ, ನಾನು ದವಡೆಯಲ್ಲಿಟ್ಟರೆ ಮೈಲಿಗೆಯೇ? ಭಾವ ಬೇರೆ ಮಾತು ತೆಗೆದರು. ಅಡಿಕೆ ರೇಟು.

ಇಷ್ಟು ಹೇಳಿದ ಮೇಲೂ, ಬೇಡ ಅನ್ನುವವರಿಗೆ ಬೇಡ ಅನ್ನುವ ಹಕ್ಕಿದೆ. ತಿರುವನಂತಪುರದಲ್ಲಿ ನಮ್ಮ ರಾಯರು ಇದ್ದಾರೆ. ರಾಕೆಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಪೂಜಪ್ಪುರದಲ್ಲಿ ಮನೆ ಮಾಡಿಕೊಂಡವರು, ಈರುಳ್ಳಿಯನ್ನೂ ಮುಟ್ಟದವರು. ಮೇಲ್ದವಡೆಯ ಹಲ್ಲಿಗೆ ಇಂಪ್ಲಾಂಟ್ ಬೇಕು ಅಂತ ಹೋದರೆ, ಸೈನಸ್ ಎತ್ತಿ ಕೆಳಗೆ ಬೋನ್ ತುಂಬಬೇಕು ಅಂದರು. ನನ್ನ ಕಥೆ ಕೇಳಿದ್ದರಿಂದ ರಾಯರು ಯಾವ ಬೋನ್ ಅಂತ ಕೇಳಿದರು. ಎರಡು ಸಲ ಹಾರಿಸಿ, ಕೊನೆಗೆ "ಬೊವೈನ್" ಅಂದರಂತೆ. ಅಂದರೆ ದನದ್ದು. ಕೇಳದೇ ಇದ್ದಿದ್ದರೆ ಅವರ ತಲೆಯೊಳಗೆ ಅದು ಕೂತಿರುತ್ತಿತ್ತು, ಗೊತ್ತಾಗುವುದು ಯಾವ ಜನ್ಮಕ್ಕೋ! ದನದ ಮೂಳೆಯಿಂದ ಮಾಡಿದ ಪುಡಿ ಕೆಟ್ಟದ್ದೇನಲ್ಲ, ಪ್ರಪಂಚದಲ್ಲಿ ಬಹಳ ಕಡೆ ಬಳಸುತ್ತಾರೆ, ನಿಧಾನ ಕರಗುತ್ತದೆ, ಆಕಾರ ಹಿಡಿದಿಡುತ್ತದೆ. ಆದರೆ ರಾಯರಿಗೆ ಬೇಡ. ಬೀಫ್ ಫ್ರೈ ತಿನ್ನುವ ನನ್ನ ಪಕ್ಕದ ಮನೆ ವರ್ಗೀಸ್ ಚೇಟ್ಟನಿಗೆ ಅದು ತಕರಾರೇ ಅಲ್ಲ, ಹಂದಿಯದ್ದಾದರೆ ಇನ್ನೊಬ್ಬರಿಗೆ ತಕರಾರು. ಇದನ್ನು ನಿರ್ಧರಿಸಬೇಕಾದವರು ಬಾಯಿ ತೆರೆದು ಮಲಗಿದವರು, ಕೈಯಲ್ಲಿ ಬಾಟಲಿ ಹಿಡಿದವರಲ್ಲ.

ತಮಾಷೆ ಅಂದರೆ, ರಾಯರು ದಿನಾ ಬೆಳಿಗ್ಗೆ ವಾಕಿಂಗ್ ಹೋಗುವ ದಾರಿಯಲ್ಲೇ ಸಾಟೆಲ್‌ಮಂಡ್ ಅರಮನೆ ಇದೆ. ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಜೈವಿಕ ವೈದ್ಯಕೀಯ ತಂತ್ರಜ್ಞಾನ ವಿಭಾಗ ಅಲ್ಲೇ. 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ಚಿತ್ರಾ ಹೃದಯ ಕವಾಟ ಅಲ್ಲಿಯ ಕೂಸು ಅನ್ನುವುದು ಎಲ್ಲರಿಗೂ ಗೊತ್ತು. ಹೈಡ್ರಾಕ್ಸಿಅಪಟೈಟ್ ಎಂಬ ಪಿಂಗಾಣಿಯಂಥ ವಸ್ತುವಿನಿಂದ ಮೂಳೆಗೆ ಬದಲಿ ಹರಳುಗಳನ್ನೂ ಅವರು ಮಾಡಿದ್ದಾರೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಮನುಷ್ಯನದ್ದೂ ಅಲ್ಲ, ಪ್ರಾಣಿಯದ್ದೂ ಅಲ್ಲ. ಅದು ಸಾರ್ವೆಯ ಕೆಲಸವನ್ನಷ್ಟೇ ಮಾಡುತ್ತದೆ, ದಾನಿ ಮೂಳೆಯ ಹಾಗೆ ಸೂಚನೆ ಕೊಡುವುದಿಲ್ಲ, ತುಂಬಾ ನಿಧಾನ ಕರಗುತ್ತದೆ. ಅದರ ಮಿತಿ ಅದಕ್ಕಿದೆ. ಆದರೆ ಈ ಬಗೆಯದೂ ಒಂದು ಇದೆ ಅಂತ ರಾಯರಿಗೆ ಹೇಳಿದ್ದು ನಾನು, ಡಾಕ್ಟರಲ್ಲ!

ಇನ್ನೂ ಒಂದು ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಪುಡಿ ಬೇಕೇ ಬೇಕೇ? ರಾಯರ ಸ್ಕ್ಯಾನಿನಲ್ಲಿ ಸೈನಸ್ ಕೆಳಗೆ 6 ಮಿಲಿಮೀಟರ್ ಮೂಳೆ ಇದೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಹಾಕಿ ಜರಡಿ ಹಿಡಿಯುವ ಕಾಕ್ರೇನ್ ಗುಂಪು 2014ರಲ್ಲಿ ಇದನ್ನೇ ನೋಡಿದೆ. 4ರಿಂದ 9 ಮಿ.ಮೀ. ಮೂಳೆ ಉಳಿದವರಿಗೆ, ಸೈನಸ್ ಎತ್ತಿ ಉದ್ದ ಸ್ಕ್ರೂ ಹಾಕುವುದು, ಏನೂ ತುಂಬದೆ ಗಿಡ್ಡ ಸ್ಕ್ರೂ ಹಾಕುವುದಕ್ಕಿಂತ ಮೇಲು ಅನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ತೊಡಕುಗಳು ಮಾತ್ರ ಸೈನಸ್ ಎತ್ತಿದಲ್ಲಿ ಹೆಚ್ಚು. ಅವರು ನೋಡಿದ್ದು ಹಲ್ಲು ಕೂರಿಸಿದ ಒಂದು ವರ್ಷದವರೆಗಿನ ಲೆಕ್ಕ, ನಿಜ. ಎಲ್ಲರಿಗೂ ಗಿಡ್ಡ ಸ್ಕ್ರೂ ಆಗುತ್ತದೆ ಅಂತಲೂ ಅಲ್ಲ. ನನಗಂತೂ ಗೋಡೆಯೇ ತೆಳು, ಪುಡಿ ಬೇಕೇ ಇತ್ತು. ಆದರೆ ಎರಡು ದಾರಿ ಇರುವಾಗ ದುಬಾರಿ ದಾರಿಯೊಂದನ್ನೇ ತೋರಿಸಿ ಇದೇ ರಾಜಮಾರ್ಗ ಅನ್ನುವುದಕ್ಕೆ ಏನನ್ನಬೇಕು? ಪ್ಯಾಕೇಜ್ ಅನ್ನುತ್ತಾರೆ. ಏರ್‌ಪೋರ್ಟ್ ಪಿಕಪ್, ಕಾಯಲ್ ಬೋಟಿಂಗ್, ಒಂದು ಸಿಸಿ ಬೋನ್.

ನಾನು ಕೇಳುವುದು ದೊಡ್ಡದೇನಲ್ಲ. ಬಾಟಲಿ ಒಡೆಯುವ ಮೊದಲು, ಬಾಯಿಗೆ ಹತ್ತಿ ತುರುಕುವ ಮೊದಲು, ಇದು ಮನುಷ್ಯನದೋ, ದನದ್ದೋ, ಹಂದಿಯದ್ದೋ, ಪಿಂಗಾಣಿಯೋ ಅಂತ ಮಲಯಾಳದಲ್ಲೋ ಕನ್ನಡದಲ್ಲೋ ಒಂದು ವಾಕ್ಯ ಹೇಳಿ. ಬಾಟಲಿಯ ಸ್ಟಿಕರ್ ಒಂದನ್ನು ನನ್ನ ಕೈಗೆ ಕೊಡಿ. ಮೂರು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರದ ಎರಡನೇ ಪುಟದ ತಳದಲ್ಲಿ 'ಗ್ರಾಫ್ಟ್ ಮೆಟೀರಿಯಲ್' ಅಂತ ಎರಡು ಪದ ಬರೆದು ಹೇಳಿದ್ದೇವೆ ಅನ್ನಬೇಡಿ.

ನನ್ನ ಸ್ಟಿಕರನ್ನು ಕೊನೆಗೂ ವಸೂಲಿ ಮಾಡಿದ್ದೇನೆ. ರೇಷನ್ ಕಾರ್ಡು, ಗ್ಯಾಸ್ ಬುಕ್ಕಿನ ಜೊತೆ ಇಟ್ಟಿದ್ದೇನೆ. ಅದರಲ್ಲಿ ಲಾಟ್ ನಂಬರು, ಎಕ್ಸ್‌ಪೈರಿ ತಾರೀಖು ಇದೆ. ಕೊಟ್ಟವರು ಗಂಡಸೋ ಹೆಂಗಸೋ, ಯಾವ ವಯಸ್ಸಿನವರೋ ಇಲ್ಲ. ಅವರ ಗುರುತು ಹೇಳಬಾರದು ಅನ್ನುವುದು ನನಗೂ ಒಪ್ಪಿಗೆಯೇ. ಸ್ಕ್ರೂ ಕೂತಿದೆ, ಮೇಲಿನ ಹಲ್ಲೂ ಬಂತು. ಆರು ವರ್ಷದ ಮೇಲೆ ಮೊನ್ನೆ ಎಡಗಡೆಯಿಂದ ಚಕ್ಕುಲಿ ಕಡಿದೆ. ಹೆಂಡತಿ ಪ್ರತಿಜ್ಞಾಪತ್ರದ ಎರಡು ಪ್ರತಿ ಪ್ರಿಂಟ್ ತೆಗೆಸಿ ತಂದು, "ತಗೊಂಡಿದ್ದೀರಲ್ಲ, ಈಗ ಬರೆದುಕೊಡಿ" ಅಂದಳು. ಮೂಳೆಯ ಸಾಲಿಗೆ ಇಬ್ಬರೂ ಟಿಕ್ ಹಾಕಿದೆವು.

ರಾಯರ ಅಪಾಯಿಂಟ್‌ಮೆಂಟು ಮುಂದಿನ ಗುರುವಾರ ಮಧ್ಯಾಹ್ನ. ಕೆ.ಎಸ್.ಇ.ಬಿ. ಬಿಲ್ಲಿನ ಹಿಂದೆ ಒಂಬತ್ತು ಪ್ರಶ್ನೆ ಬರೆದಿಟ್ಟುಕೊಂಡಿದ್ದಾರೆ. ಮೊದಲನೆಯದು ಗಿಡ್ಡ ಸ್ಕ್ರೂ. ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್ಸಿಗೆ ನಾನೂ ಹೊರಟಿದ್ದೇನೆ, ಜೊತೆಗೆ ಕೂರಲಿಕ್ಕೆ. ಅವರ ಬಾಯಿಗೆ ಹತ್ತಿ ಇಟ್ಟ ಮೇಲೆ ಕೇಳಲು ಒಬ್ಬರಾದರೂ ಬೇಕಲ್ಲ.